ನಿರ್ಗಮನಾಚಾರ್ಯರು

ಕುಲಾಧಿಪತಿ, ಕುಲಪತಿ, ಕುಲಸಚಿವ, ವಿತ್ತಾಧಿಕಾರಿ ಎಂದು ವಿಶ್ವವಿದ್ಯಾನಿಲಯದ ಅಧಿನಿಯಮದಲ್ಲಿ ಹೆಸರುಗೊಂಡ ಅಧಿಕಾರಿಗಳ ಸಾಲಿನಲ್ಲಿ ಎಲ್ಲಿಯೂ ಕಾಣಿಸಿಕೊಳ್ಳದಿದ್ದರೂ ಅಂಥ ಪ್ರತಿಯೊಂದು ಸಂಸ್ಥೆಯಲ್ಲಿಯೂ ಒಬ್ಬರಾದರೂ ಇದ್ದೇ ಇರುವ ಮಹನೀಯರುಂಟು. ಉಳಿದವರೆಲ್ಲರ ಚಿಂತೆ ಒಳಗೆ ಬರುವವರ ವಿಷಯ: ಪ್ರವೇಶಪರೀಕ್ಷೆ, ಪ್ರವೇಶಪತ್ರ, ಪ್ರವೇಶಶುಲ್ಕ. ಇವರೊಬ್ಬರ ಚಿಂತೆ ಮಾತ್ರ ಹೊರಗೆ ಹೋಗುವುದರದು. ಕಟ್ಟಡಕ್ಕೆ ಬೆಂಕಿ ಬಿದ್ದರೆ, ಭೂಮಿ ನಡುಗಿದರೆ, ರಸಾಯನಶಾಸ್ತ್ರದ ಪ್ರಯೋಗಶಾಲೆಯಲ್ಲಿ ಬಹುಕಾಲದಿಂದ ಮೌನವಾಗಿದ್ದ ಸೀಸೆಯೊಂದು ತನ್ನ ನಿಜಗುಣವನ್ನು ಇದ್ದಕ್ಕಿದ್ದಂತೆ ಪ್ರಕಟಿಸಿಬಿಟ್ಟರೆ, ಒಳಗಿರುವ ಸಾವಿರ ಜನ ಯಾವ ಬಾಗಿಲಿನಿಂದ, ಯಾವ ಕ್ರಮದಲ್ಲಿ, ಎಷ್ಟು ನಿಮಿಷಗಳಲ್ಲಿ ಬಯಲಿಗೆ ಬಂದು ನಿಲ್ಲತಕ್ಕದ್ದೆಂಬುದನ್ನು ಹಗಲಿರುಳೂ ಧ್ಯಾನಿಸುತ್ತಿರುವ ನಮ್ಮಲ್ಲಿಯ ಆ ಮಹನೀಯರನ್ನು ನಾವು ಕರೆಯುವುದು ನಿರ್ಗಮನಾಚಾರ್ಯರೆಂದು, ಎದುರಿಗಲ್ಲ.

ಅವರು ಹುಟ್ಟಿನಿಂದ ನಿರ್ಗಮನಾಚಾರ್ಯರಲ್ಲ. ವೃತ್ತಿಯಿಂದ ಸಂಖ್ಯಾಶಾಸ್ತ್ರದ ಅಧ್ಯಾಪಕರು. ವಿಪತ್ತು ನಿರ್ವಹಣೆಗೆಂದು 2005ರಲ್ಲಿ ಕೇಂದ್ರದ ಕಾನೂನೊಂದು ಬಂದ ಬಳಿಕ, ನಿಮ್ಮಲ್ಲಿ ಯೋಜನೆಯೇನಾದರೂ ಉಂಟೆ ಎಂದು ವಿಚಾರಿಸುವ ಪತ್ರವೊಂದು ನಮ್ಮ ಕಚೇರಿಗೂ ಬಂದು, ಕಡತದಿಂದ ಕಡತಕ್ಕೆ ತೀರ್ಥಯಾತ್ರೆ ಮಾಡಿ, ಕೊನೆಗೊಂದು ದಿನ ವಿಭಾಗಾಧ್ಯಕ್ಷರ ಸಭೆಯಲ್ಲಿ, ಬೋಂಡ ಮುಗಿದು ಕಾಫಿ ಇನ್ನೂ ಬಾರದಿದ್ದ ಸಂಧಿಕಾಲದಲ್ಲಿ ಓದಲ್ಪಟ್ಟಿತು. ಎಲ್ಲರೂ ಗಂಭೀರರಾಗಿ ತಲೆದೂಗಿದರು. ಇವರೊಬ್ಬರು ಮಾತ್ರ, ಲೋಕಾನುಭವ ಸಾಲದೆ, "ಇದನ್ನು ಮಾಡುವವರು ಯಾರು?" ಎಂದು ಕೇಳಿದರು. ನಮ್ಮ ಸಭೆಗಳಲ್ಲಿ ಇಂಥ ಪ್ರಶ್ನೆಗೆ ಉತ್ತರ ಹುಡುಕುವ ಶ್ರಮವಿಲ್ಲ, ಕೇಳಿದವರೇ ಉತ್ತರ. ಕಾಫಿ ಬರುವ ವೇಳೆಗೆ ಅವರು ತುರ್ತುನಿರ್ಗಮನ ಸಮಿತಿಯ ಸಂಚಾಲಕರಾಗಿದ್ದರು.

ಅಂದಿನಿಂದ ಅವರ ದೃಷ್ಟಿಯೇ ಬೇರೆಯಾಯಿತು. ಸಭಾಂಗಣವೊಂದನ್ನು ಹೊಕ್ಕಾಗ ನಾವು ನೋಡುವುದು ವೇದಿಕೆಯನ್ನು, ಇಲ್ಲವೆ ಫ್ಯಾನಿನ ಕೆಳಗಿನ ಕುರ್ಚಿಯನ್ನು. ಅವರು ನೋಡುವುದು ಬಾಗಿಲುಗಳನ್ನು. ಎಡಜೇಬಿನಲ್ಲಿ ಅಳತೆಯ ಟೇಪು, ಬಲಜೇಬಿನಲ್ಲಿ ಸೀಮೆಸುಣ್ಣ, ಕೋಟಿನೊಳಗೆ ದಾರಕ್ಕೆ ಕಟ್ಟಿದ ಸೀಟಿ. ನನ್ನ ತಂಗಿಯ ಮಗಳ ಮದುವೆಗೆ ಬಂದವರು, ಕಲ್ಯಾಣಮಂಟಪದ ಮೆಟ್ಟಿಲ ಮೇಲೆ ಬಗ್ಗಿ ಅಗಲವನ್ನು ಅಳೆಯುತ್ತಿದ್ದುದನ್ನು ಕಂಡು, ಬೀಗರ ಕಡೆಯವರು ಇವರನ್ನು ಶಾಮಿಯಾನದ ಕಂತ್ರಾಟುದಾರರೆಂದು ಭಾವಿಸಿ ಬಾಕಿಯ ವಿಚಾರವನ್ನು ಪ್ರಸ್ತಾಪಿಸಿದರಂತೆ. ಅದೇ ಮದುವೆಯಲ್ಲಿ, ಮಾಂಗಲ್ಯಧಾರಣೆಯಾಗಿ ಇನ್ನೂ ಅಕ್ಷತೆ ನೆಲಕ್ಕೆ ಬಿದ್ದಿರಲಿಲ್ಲ, "ಎಲೆ ಹಾಕಿದೆ, ಊಟಕ್ಕೆ ದಯಮಾಡಿಸಬೇಕು" ಎಂಬ ಧ್ವನಿ ಕೇಳಿಬಂದೊಡನೆ ಇವರು ಕೈಗಡಿಯಾರವನ್ನು ಕಣ್ಣಿಗೆ ಹಿಡಿದು ನಿಂತುಬಿಟ್ಟರು. ತುಂಬಿದ ಸಭೆ ನಾಲ್ಕು ನಿಮಿಷದೊಳಗೆ ಬರಿದಾಯಿತು. ಮೇಲೆ ಉಳಿದವರು ವಧೂವರರು, ಪುರೋಹಿತರು ಮತ್ತು ಇವರು. "ನೋಡಿದಿರಾ?" ಎಂದರು, ಗದ್ಗದಿತರಾಗಿ. "ಬಾಣದ ಗುರುತಿಲ್ಲ, ಸೈರನ್ನಿಲ್ಲ, ತರಬೇತಿಯಿಲ್ಲ. ನಿರ್ಗಮನ ಅಂದರೆ ಇದು ಸ್ವಾಮಿ!" ತಮ್ಮ ಯೋಜನೆಯ ಪ್ರಥಮ ಕರಡಿನಲ್ಲಿ ಅವರು, ಅಪಾಯಕಾಲದಲ್ಲಿ ಸೈರನ್ನಿಗೆ ಬದಲಾಗಿ ಊಟದ ಕರೆಯನ್ನೇ ಕೂಗಿಸುವುದು ಹೆಚ್ಚು ಫಲಕಾರಿಯೆಂದು ಬರೆದಿದ್ದರು. ಹಾಗೆ ಕೂಗಿಸಿದ ಮೇಲೆ ನಿಜವಾಗಿಯೂ ಊಟ ಹಾಕಬೇಕಾದೀತೆಂಬ ಆರ್ಥಿಕ ಕಾರಣದಿಂದ ಆ ವಾಕ್ಯವನ್ನು ತೆಗೆದುಹಾಕಲಾಯಿತು.

ಕನ್ನಡ ವಿಭಾಗದವನಾದ ನಾನು ಆ ಸಮಿತಿಗೆ ಸೇರಿದ್ದು ಭಾಷೆ ತಿದ್ದುವುದಕ್ಕೆ. ಬೆಂಕಿ ಆರಿಸುವ ಸಿಲಿಂಡರನ್ನು ಬಳಸುವ ವಿಧಾನವನ್ನು, ಅಂದರೆ ಪಿನ್ನು ಕೀಳುವುದು, ಜ್ವಾಲೆಯ ಬುಡಕ್ಕೆ ಗುರಿಯಿಡುವುದು, ಹಿಡಿಯನ್ನು ಒತ್ತುವುದು, ಮೂತಿಯನ್ನು ಅತ್ತಿತ್ತ ಆಡಿಸುವುದು, ಇಷ್ಟನ್ನೂ ವಿದ್ಯಾರ್ಥಿಗಳ ನಾಲಗೆಯ ಮೇಲೆ ನಿಲ್ಲುವಂತೆ ಭಾಮಿನೀ ಷಟ್ಪದಿಯಲ್ಲಿ ಕಟ್ಟಿಕೊಡಬೇಕೆಂದು ಅವರು ಅಪ್ಪಣೆ ಕೊಡಿಸಿದರು. ಆರನೆಯ ಪಾದ ಮುಗಿಯುವ ವೇಳೆಗೆ ಕಟ್ಟಡ ಉಳಿದಿರಲಾರದೆಂದೂ ಬೇಕಾದರೆ ತ್ರಿಪದಿಯಲ್ಲಿ ಯತ್ನಿಸಬಹುದೆಂದೂ ನಾನು ಬಿನ್ನವಿಸಿಕೊಂಡೆ. ಅವರು ನಗಲಿಲ್ಲ. "ತ್ರಿಪದಿಗೆ ಎಷ್ಟು ಸೆಕೆಂಡು?" ಎಂದು ಕೇಳಿ ಬರೆದುಕೊಂಡರು.

ನಮ್ಮ ಕಟ್ಟಡದ ವಿಷಯ ಹೇಳಬೇಕು. ಅದು ಹಳೆಯದು, ಸುಂದರವಾದುದು, ಮತ್ತು ಅದರ ತೇಗದ ಬಾಗಿಲುಗಳೆಲ್ಲ ಒಳಮುಖವಾಗಿ ತೆರೆಯುವಂಥವು. ಬಂದವರನ್ನು ಬರಮಾಡಿಕೊಳ್ಳುವುದಕ್ಕೆ ಇದಕ್ಕಿಂತ ವಿನಯದ ಬಾಗಿಲಿಲ್ಲ. ಆದರೆ ಒಳಗಿನ ಗುಂಪು ಗಾಬರಿಯಿಂದ ಮೈಮೇಲೆ ಬಿದ್ದರೆ ಅದೇ ಬಾಗಿಲು ಗೋಡೆಯಾಗುತ್ತದೆ. ಇಂಗ್ಲೆಂಡಿನ ಸಂಡರ್‌ಲೆಂಡ್ ಪಟ್ಟಣದ ವಿಕ್ಟೋರಿಯಾ ಹಾಲಿನಲ್ಲಿ 1883ರಲ್ಲಿ, ಕೆಳಗೆ ಬಹುಮಾನ ಹಂಚುತ್ತಿದ್ದಾರೆಂದು ಗ್ಯಾಲರಿಯಿಂದ ಓಡಿಬಂದ ಮಕ್ಕಳಲ್ಲಿ 183 ಮಂದಿ, ಒಬ್ಬರು ಮಾತ್ರ ನುಸುಳುವಷ್ಟು ತೆರೆದು ಅಗಣಿ ಹಾಕಿದ್ದ ಅಂಥದೊಂದು ಬಾಗಿಲ ಬಳಿ ಒಬ್ಬರ ಮೇಲೊಬ್ಬರು ಬಿದ್ದು ಸತ್ತರು. ತಳ್ಳಿದೊಡನೆ ತೆರೆದುಕೊಳ್ಳುವ ಅಡ್ಡಪಟ್ಟಿಯ ಬಾಗಿಲುಗಳು ಬಂದದ್ದು ಆ ದುರಂತದ ತರುವಾಯ. ನಮ್ಮ ರಾಷ್ಟ್ರೀಯ ಕಟ್ಟಡ ಸಂಹಿತೆಯ ನಾಲ್ಕನೆಯ ಭಾಗದಲ್ಲಿ ನಿರ್ಗಮನದ ಬಾಗಿಲು ಹೊರಮುಖವಾಗಿಯೇ ತೆರೆಯಬೇಕೆಂದಿದೆ. ವಿದ್ಯಾಸಂಸ್ಥೆಯ ಮೆಟ್ಟಿಲ ಸಾಲಿನ ಅಗಲ ಒಂದೂವರೆ ಮೀಟರಿಗೆ ಕಡಮೆಯಾಗಕೂಡದೆಂದಿದೆ. ನಿರ್ಗಮನಾಚಾರ್ಯರು ಇವನ್ನೆಲ್ಲ ಮಂತ್ರದಂತೆ ಹೇಳಬಲ್ಲರು. ಹಳೆಯ ಬಾಗಿಲು ಪರಂಪರೆಯ ಸೊತ್ತು, ಮುಟ್ಟಕೂಡದು ಎಂದ ಇಂಜಿನಿಯರರಿಗೆ ಅವರು ಕೊಟ್ಟ ಉತ್ತರ ನಮ್ಮಲ್ಲಿ ಪ್ರಸಿದ್ಧವಾಗಿದೆ: "ಮೈಸೂರಿನ ಮರದ ಅರಮನೆಯೂ ಪರಂಪರೆಯದೇ ಆಗಿತ್ತು. 1897ರಲ್ಲಿ ರಾಜಕುಮಾರಿಯ ಮದುವೆಯ ಸಂಭ್ರಮದಲ್ಲೇ ಹತ್ತಿ ಉರಿಯಿತು. ಅವರಿಗಾದರೆ ಇರ್ವಿನ್ ಸಾಹೇಬರಿಂದ ನಕ್ಷೆ ಬರೆಸಿ 1912ರ ಹೊತ್ತಿಗೆ ಇನ್ನೊಂದು ಅರಮನೆ ಕಟ್ಟಿಸುವ ಶಕ್ತಿಯಿತ್ತು. ನಮಗೆ ಸೋರುವ ಮಾಳಿಗೆ ರಿಪೇರಿ ಮಾಡಿಸೋ ಶಕ್ತಿ ಇದೆಯೆ?"

ಹಿಂಬದಿಗೆ ಇನ್ನೊಂದು ಬಾಗಿಲುಂಟು. ಯಾವುದೋ ಕಾಲದಲ್ಲಿ ಪ್ರಶ್ನಪತ್ರಿಕೆಯ ಕಟ್ಟೊಂದು ಆ ದಾರಿಯಾಗಿ ನಿರ್ಗಮಿಸಿತೆಂಬ ಗುಮಾನಿಯಿಂದ ಅದಕ್ಕೆ ಸರಪಳಿ ಸುತ್ತಿ ಬೀಗ ಜಡಿದಿದ್ದರು. ಬೀಗದಕೈ ನಮ್ಮ ಹಿರಿಯ ಅಟೆಂಡರರ ಸೊಂಟದಲ್ಲಿ. ಐವರು ಕುಲಪತಿಗಳನ್ನು ಕಂಡು ಆರನೆಯವರನ್ನು ತೂಗಿ ನೋಡುತ್ತಿದ್ದ ಆ ಮನುಷ್ಯನೊಡನೆ ನಿರ್ಗಮನಾಚಾರ್ಯರು ನಡೆಸಿದ ಸಂಧಾನಕ್ಕೆ ನಾನು ಸಾಕ್ಷಿ.

"ಬೆಂಕಿ ಬಿತ್ತು ಅಂತಿಟ್ಕೊ ಕಣಪ್ಪ. ಏನು ಮಾಡ್ತೀಯ?"

"ಬೀಗದಕೈ ಕೊಡ್ತೀನಿ ಸಾರ್."

"ತಕ್ಷಣ?"

"ರಿಜಿಸ್ಟರಿನಲ್ಲಿ ಸೈನು ಹಾಕಿಸ್ಕೊಂಡು ಕೊಡ್ತೀನಿ ಸಾರ್."

"ರಿಜಿಸ್ಟರು ಎಲ್ಲಿರ್ತದೆ?"

"ಬೀರೂನಲ್ಲಿ ಸಾರ್. ಬೀರು ಬೀಗ ಸೂಪರಿಂಟೆಂಡೆಂಟ್ ಸಾಹೇಬರ ಹತ್ರ. ಅವರು ಮಂಗಳವಾರ ರಜ."

ಇಲ್ಲಿ ನಾವೆಲ್ಲ ನಕ್ಕೆವು, ಅವರು ನಗಲಿಲ್ಲ. ಬೆಂಗಳೂರಿನ ಕಾರ್ಲ್ಟನ್ ಟವರ್ಸ್ ಕಟ್ಟಡದಲ್ಲಿ 2010ರ ಫೆಬ್ರವರಿ 23ರಂದು ಹೊಗೆ ತುಂಬಿಕೊಂಡಾಗ, ತಪ್ಪಿಸಿಕೊಳ್ಳುವ ದಾರಿಗೆ ಬೀಗವಿದ್ದುದರಿಂದ ಜನ ಕಿಟಕಿಗಳಿಂದ ಹಾರಿದ್ದನ್ನೂ ಅಂದು 9 ಜೀವಗಳು ಹೋದದ್ದನ್ನೂ ಅವರು ಒಮ್ಮೆ ಮಾತ್ರ, ಬಹಳ ತಗ್ಗಿದ ದನಿಯಲ್ಲಿ ಹೇಳಿದರು. ಆ ಬಳಿಕ ಬೀಗದ ಮಾತು ಬಂದಾಗಲೆಲ್ಲ ನಾವು ತುಟಿಯನ್ನು ಬಿಗಿಹಿಡಿದು ಕೂರುವುದನ್ನು ಕಲಿತೆವು. ಇನ್ನೊಂದು ಸಂಗತಿಯನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ, ವಿನೋದಕ್ಕೆ ಅಡ್ಡಬಂದರೂ ಚಿಂತೆಯಿಲ್ಲ. ಮೂರನೆಯ ಅಂತಸ್ತಿನಲ್ಲಿ ಪಾಠ ಕೇಳುತ್ತಿದ್ದ, ಊರುಗೋಲಿನಿಂದ ನಡೆಯುವ ಹುಡುಗಿಯೊಬ್ಬಳನ್ನು, "ಲಿಫ್ಟು ನಿಲ್ಲಿಸಿದರೆ ನೀನು ಹೇಗಮ್ಮ ಇಳೀತೀಯ?" ಎಂದು ಕೇಳಿದವರು ಇಡೀ ಸಂಸ್ಥೆಯಲ್ಲಿ ಅವರೊಬ್ಬರೇ. ಮರುವಾರ ಆ ತರಗತಿ ನೆಲಮಹಡಿಗೆ ಇಳಿಯಿತು. ಅದಕ್ಕೆ ಸಮಿತಿಯೂ ಇಲ್ಲ, ಸುತ್ತೋಲೆಯೂ ಇಲ್ಲ, ತಮ್ಮ ಕೊಠಡಿಯನ್ನೇ ಅವರು ಬಿಟ್ಟುಕೊಟ್ಟಿದ್ದರು.

ಇನ್ನು ಅಣಕು ಕಾರ್ಯಾಚರಣೆಯ ಕಥೆ. ಮುಂಬಯಿ ಬಂದರಿನಲ್ಲಿ ಫೋರ್ಟ್ ಸ್ಟಿಕಿನ್ ಹಡಗು 1944ರ ಏಪ್ರಿಲ್ 14ರಂದು ಸ್ಫೋಟಿಸಿದಾಗ ಪ್ರಾಣ ತೆತ್ತ ಅಗ್ನಿಶಾಮಕ ದಳದವರ ಸ್ಮರಣೆಗಾಗಿ ದೇಶವೆಲ್ಲ ಆ ದಿನವನ್ನು ಅಗ್ನಿಶಾಮಕ ಸೇವಾದಿನವೆಂದು ಆಚರಿಸುತ್ತದೆ. ನಮ್ಮ ಆಚಾರ್ಯರೂ ಆ ದಿನವನ್ನೇ ಗೊತ್ತುಮಾಡಿ, ಅಂಬೇಡ್ಕರ್ ಜಯಂತಿಯ ರಜೆಯಾದುದರಿಂದ ಅಂದು ಕಟ್ಟಡದಲ್ಲಿ ತೆರವುಗೊಳಿಸಲು ಯಾರೂ ಇರುವುದಿಲ್ಲವೆಂಬುದು ತಡವಾಗಿ ಹೊಳೆದು, ದಿನವನ್ನು ಮುಂದೂಡಿದರು. ಕಚೇರಿಯಿಂದ ಹೊರಟ ಸುತ್ತೋಲೆಯನ್ನು ನಾನು ತಿದ್ದುವ ಮೊದಲೇ ಅಚ್ಚಾಗಿಹೋಗಿತ್ತು: "ಬರುವ ಬುಧವಾರ ಬೆಳಿಗ್ಗೆ 11 ಗಂಟೆಗೆ ಸರಿಯಾಗಿ ಅನಿರೀಕ್ಷಿತ ಅಗ್ನಿ ಅನಾಹುತವು ಸಂಭವಿಸತಕ್ಕದ್ದು. ಎಲ್ಲರೂ ತಪ್ಪದೆ ಹಾಜರಿರತಕ್ಕದ್ದು."

ಅನಾಹುತವು ಸುತ್ತೋಲೆಗೆ ವಿಧೇಯವಾಗಿ 11 ಗಂಟೆಗೇ ಸಂಭವಿಸಿತು. ಸೈರನ್ ಕೂಗಿತು, ಯಾರೂ ಏಳಲಿಲ್ಲ. ವಾಕ್ಯದ ನಡುವೆ ಇದ್ದ ಅಧ್ಯಾಪಕರು ವಾಕ್ಯ ಮುಗಿಸಿದರು, ಟಿಪ್ಪಣಿ ಬರೆಯುತ್ತಿದ್ದವರು ಟಿಪ್ಪಣಿ ಮುಗಿಸಿದರು, ಕಚೇರಿಯವರು ಕುರ್ಚಿಯ ಮೇಲೆ ಟವಲು ಹಾಕಿ ಸ್ಥಾನ ಭದ್ರಪಡಿಸಿಕೊಂಡರು. ಆಮೇಲೆ ಮೊದಲನೆಯ ಅಂತಸ್ತಿನ ಬಾಗಿಲಲ್ಲಿ ಇತಿಹಾಸ ಮತ್ತು ತತ್ತ್ವಶಾಸ್ತ್ರದ ಇಬ್ಬರು ಹಿರಿಯ ಪ್ರಾಧ್ಯಾಪಕರು ಏಕಕಾಲಕ್ಕೆ ಎದುರಾದರು. "ತಾವು ದಯಮಾಡಿಸಬೇಕು." "ಉಂಟೆ? ತಾವು ಹಿರಿಯರು." "ಸೇವೆಯಲ್ಲಿ ತಾವೇ ಆರು ತಿಂಗಳು ಮುಂದು." ಅವರ ಬೆನ್ನಹಿಂದೆ ನೂರಾರು ವಿದ್ಯಾರ್ಥಿಗಳು ಮೆಟ್ಟಿಲುದ್ದಕ್ಕೂ ನಿಂತು ಸೌಜನ್ಯದ ಪಾಠವನ್ನು ಪ್ರತ್ಯಕ್ಷವಾಗಿ ಕಲಿಯುತ್ತಿರಲು, ಕೆಳಗಿನಿಂದ ನಿರ್ಗಮನಾಚಾರ್ಯರ ಸೀಟಿ ಆರ್ತನಾದ ಮಾಡುತ್ತಿತ್ತು. ಹದಿನೇಳು ನಿಮಿಷಗಳ ಮೇಲೆ ಎಲ್ಲರೂ ಮಳೆಮರದ ಕೆಳಗೆ ಕೂಡಿದರು.

ಹಾಜರಿ ಹಿಡಿದರು. ಅಲ್ಲಿ ಒದಗಿತು ಸಂಖ್ಯಾಶಾಸ್ತ್ರಕ್ಕೆ ಒಂದು ಸಂಕಟ. ಹಾಜರಿ ಎಂದೊಡನೆ ಗೆಳೆಯರ ಋಣವನ್ನು ಮರೆಯದ ನಮ್ಮ ಹುಡುಗರು, ಕ್ಯಾಂಟೀನಿನಲ್ಲಿಯೂ ಸಿನಿಮಾದಲ್ಲಿಯೂ ಊರಿನಲ್ಲಿಯೂ ಇದ್ದವರೆಲ್ಲರ ಪರವಾಗಿ ಧ್ವನಿ ಬದಲಿಸಿ "ಎಸ್ ಸಾರ್" ಎಂದದ್ದರಿಂದ, ಬೆಳಿಗ್ಗೆ ಕಟ್ಟಡದ ಒಳಗೆ ಹೋದವರಿಗಿಂತ ಅರುವತ್ತೆರಡು ಜನ ಹೆಚ್ಚಾಗಿ ಹೊರಗೆ ಬಂದಿರುವಂತೆ ಲೆಕ್ಕ ಸಿಕ್ಕಿತು. ಅವರು ಎರಡು ಸಲ ಕೂಡಿ ನೋಡಿ, ಕನ್ನಡಕ ತೆಗೆದು, ಕಟ್ಟಡವನ್ನೇ ಸಂಶಯದಿಂದ ನೋಡುತ್ತ ನಿಂತರು.

ಹಾಗೆ ನೋಡಿದಾಗಲೇ ಅವರಿಗೆ ಅದು ಕಂಡದ್ದು. ಮೂರನೆಯ ಅಂತಸ್ತಿನ ಸೂರಿನಡಿ ಐದು ಹೆಜ್ಜೇನಿನ ಹುಟ್ಟುಗಳು ವರ್ಷಗಳಿಂದ ನಮ್ಮೊಡನೆ ಸಹಬಾಳ್ವೆ ನಡೆಸಿದ್ದುವು. ಸೈರನ್ನನ್ನು ಜೋಡಿಸಿದ್ದು ಸರಿಯಾಗಿ ಅವುಗಳ ಪಕ್ಕಕ್ಕೆ. ಕಪ್ಪು ಮೋಡವೊಂದು ಸೂರಿನಿಂದ ಬಿಚ್ಚಿಕೊಂಡು ಮಳೆಮರದ ಕಡೆಗೆ ಬರತೊಡಗಿತು. ಯಾರಿಗೂ ಯಾರೂ ದಯಮಾಡಿಸಬೇಕೆನ್ನಲಿಲ್ಲ. ತತ್ತ್ವಶಾಸ್ತ್ರವು ಇತಿಹಾಸವನ್ನು ಹಿಂದಿಕ್ಕಿತು. ಒಳಮುಖವಾಗಿ ತೆರೆಯುವ ಆ ಬಾಗಿಲುಗಳು, ತಾವು ಯಾವ ಕಾರ್ಯಕ್ಕೆಂದು ನಿರ್ಮಿತವಾಗಿದ್ದುವೋ ಆ ಕಾರ್ಯವನ್ನು ಅಂದು ಅದ್ಭುತವಾಗಿ ನೆರವೇರಿಸಿದುವು. ಬಾಗಿಲ ಪಕ್ಕದಲ್ಲಿ ಶಾಲನ್ನು ತಲೆಗೆ ಹೊದೆದು, ಕಡೆಯ ವಿದ್ಯಾರ್ಥಿ ಒಳಗೆ ಹೋಗುವವರೆಗೂ ಗಡಿಯಾರ ಹಿಡಿದು ನಿಂತಿದ್ದ ಆಚಾರ್ಯರು ಬರೆದುಕೊಂಡದ್ದು: ಒಂದು ನಿಮಿಷ ನಲವತ್ತು ಸೆಕೆಂಡು. ಅವರಿಗೆ ಏಳು ಕಡೆ ಕಚ್ಚಿತ್ತು.

ಅದೇ ಹೊತ್ತಿನಲ್ಲಿ ಹಿತ್ತಿಲ ಕಡೆ ಬೀಡಿ ಸೇದುತ್ತಿದ್ದ ಅಟೆಂಡರರು, ಜೇನಿಗೆ ಹೆದರಿ, ರಿಜಿಸ್ಟರಿನ ಗೊಡವೆಗೆ ಹೋಗದೆ, ಸೊಂಟದ ಬೀಗದಕೈ ಕಿತ್ತು ಹಿಂಬಾಗಿಲ ಸರಪಳಿಯನ್ನು ಬಿಚ್ಚಿ, ಕದವನ್ನು ಭುಜಕೊಟ್ಟು ಒಳಕ್ಕೆ ನೂಕಿದರು. ಅದು ಅಲುಗಲಿಲ್ಲ. ಮತ್ತೆ ನೂಕಿದರು. ಕೊನೆಗೆ ಹತಾಶರಾಗಿ ತಮ್ಮ ಕಡೆಗೆ ಎಳೆದಾಗ, ಕಿರ್ರೆಂದು ಹೊರಮುಖವಾಗಿ ತೆರೆಯಿತು. ಇಡೀ ಕಟ್ಟಡದಲ್ಲಿ ಸಂಹಿತೆಗೆ ಅನುಸಾರವಾಗಿದ್ದ ಬಾಗಿಲು ಅದೊಂದೇ.

ಅನುಬಂಧಗಳೂ ಸೇರಿ 64 ಪುಟದ ವರದಿ, "ಜೇನು" ಎಂಬ ಹೊಸ ಅಧ್ಯಾಯದೊಡನೆ, ಸಿಂಡಿಕೇಟಿನ ಮುಂದೆ ಬರಬೇಕಾಗಿದೆ, ಇನ್ನೂ ಬಂದಿಲ್ಲ. ಹಿಂಬಾಗಿಲ ಸರಪಳಿ ಮಾತ್ರ ಮತ್ತೆ ಬೀಳಲಿಲ್ಲ. ಬೀಗವನ್ನೂ ಬೀಗದಕೈಯನ್ನೂ ನಿರ್ಗಮನಾಚಾರ್ಯರು ಗುರುವಾರ ಬೆಳಿಗ್ಗೆ, ಊದಿದ ಬೆರಳುಗಳಿಂದಲೇ ರಿಜಿಸ್ಟರಿನಲ್ಲಿ ಸಹಿ ಮಾಡಿ ಪಡೆದುಕೊಂಡರು. ವಾಪಸು ಕೊಡುವ ದಿನಾಂಕದ ಕಲಮಿನಲ್ಲಿ ಏನನ್ನೂ ಬರೆದಿಲ್ಲ, ಅಟೆಂಡರರೂ ಕೇಳಿಲ್ಲ.