ಒಂದೇ ಖಾಡಿ, ಹಲವು ದರ

ಮುಂಬಯಿಯ ಮಾಟುಂಗದ ಉಡುಪಿ ಹೋಟೆಲಿನಲ್ಲಿ ಟ್ಯಾಕ್ಸಿ ಚಾಲಕ ಬನ್ಸ್ ಮುರಿಯುತ್ತಿದ್ದ. ಗಲ್ಲಾದಲ್ಲಿ ಕೂತ ಯಜಮಾನರಿಗೆ ಹೊಸ ಕಾರಿನ ಜೊತೆಗೇ ಟೋಲ್ ಚಿಂತೆಯೂ ಬಂದಿತ್ತು.

“ಅಟಲ್ ಸೇತುವಿಗೆ ಒಂದು ಸಲಕ್ಕೆ 250 ರೂಪಾಯಿ! ಹಗಲುದರೋಡೆ ಅಲ್ವಾ ಮಾರಾಯ?”

“ಅದು 21.8 ಕಿಲೋಮೀಟರ್ ಧಣಿ, ಕಿಲೋಮೀಟರಿಗೆ ಹನ್ನೊಂದೂವರೆ ಬೀಳ್ತದೆ. ಬಾಂದ್ರಾ–ವರಳಿ ಸೀ ಲಿಂಕ್ 5.6 ಕಿಲೋಮೀಟರಿಗೆ 100. ಅಂದ್ರೆ ಹತ್ತಿರ ಹತ್ತಿರ ಹದಿನೆಂಟು. ಅಟಲ್ ಸೇತು ಹೋಲ್‌ಸೇಲ್ ದರ!”

“ಕೋಸ್ಟಲ್ ರೋಡಿನ ಸುರಂಗ?”

“ಬಿಟ್ಟಿ.”

“ವಾಶಿ ಸೇತುವೆ?”

“2024ರ ಅಕ್ಟೋಬರಿನಿಂದ ಕಾರಿಗೆ ಅದೂ ಬಿಟ್ಟಿ. ನವೆಂಬರಿನಲ್ಲಿ ವಿಧಾನಸಭೆ ಚುನಾವಣೆ ಇತ್ತಲ್ಲ.”

ಅಟಲ್ ಸೇತು, ವಾಶಿ ಸೇತುವೆ ಎರಡೂ ದಾಟುವುದು ಅದೇ ಠಾಣೆ ಖಾಡಿಯನ್ನು. ಉಪ್ಪುನೀರಿನ ರುಚಿಯಲ್ಲಿ ವ್ಯತ್ಯಾಸವಿದ್ದರೆ ಮೀನುಗಳೇ ಹೇಳಬೇಕು.

“ನಮ್ಮ ಮಾಣಿಯ ಸ್ಕೂಟರಿಗೆ ಅಟಲ್ ಸೇತುವಿನಲ್ಲಿ ಎಷ್ಟು?”

“ದ್ವಿಚಕ್ರಕ್ಕೆ ಪ್ರವೇಶವೇ ಇಲ್ಲ. ಪೂರ್ತಿ ಉಳಿತಾಯ!”

ಯಜಮಾನರು ಕೊನೆಗೆ ಕಸುಬಿನ ಮಾತಿಗೆ ಬಂದರು. “ವಾಶಿ ಮಾರ್ಕೆಟಿನಿಂದ ಇಡ್ಲಿ ಅಕ್ಕಿ ತರುವ ಲಾರಿ?”

“ಅದು ಕಟ್ಟಲೇಬೇಕು. ಲಾರಿಗೆ ಓಟಿಲ್ಲವಲ್ಲ.”

2025ರ ಆಗಸ್ಟಿನಿಂದ ವಿದ್ಯುತ್ ಕಾರುಗಳಿಗೆ ಅಟಲ್ ಸೇತುವೂ ಉಚಿತವಾಗಿದೆ. ಯಜಮಾನರ ಹೊಸ ಕಾರು ಡೀಸೆಲ್‌ನದು.