ಆಂಪರ್ಸಂಡ್ ಮಹಾತ್ಮೆ

ಮೇನ್‌ಫ್ರೇಮ್‌ನಲ್ಲಿ ಯಾವ ಡೇಟಾಸೆಟ್ (ಅಂದರೆ ಫೈಲು) ಟೇಪಿಗೆ, ಯಾವುದು ಡಿಸ್ಕಿಗೆ ಎಂದು ತೀರ್ಮಾನಿಸುವುದು ಎಸಿಎಸ್ ರೂಟೀನು ಎಂಬ ನಿಯಮಗಳ ಕಂತೆ. ಅದರೊಳಗಿನ ವೇರಿಯಬಲ್ಲುಗಳಿಗೆಲ್ಲ ತಲೆಯ ಮೇಲೊಂದು ಆಂಪರ್ಸಂಡ್ (&) ಪೇಟ. ಡಿಎಸ್ಎನ್ (ಡೇಟಾಸೆಟ್ ಹೆಸರು), ಜಾಬ್, ಯೂನಿಟ್ ಇತ್ಯಾದಿ ಸಿಸ್ಟಮ್ ಕೊಟ್ಟವು. ಮದುವೆಮನೆಯ ಬೀಗರಿದ್ದಂತೆ, ನೋಡಿ ಕೈಮುಗಿಯಬಹುದು, ತಿದ್ದುವ ಹಾಗಿಲ್ಲ.

ಹೊಂದಿಸಿ ನೋಡುವ ಮಾದರಿಗಳ ಪಟ್ಟಿಗಳಾದ ಫಿಲ್ಟ್‌ಲಿಸ್ಟ್‌ಗಳು ಮಾತ್ರ ನಾವೇ ಕಟ್ಟಿಕೊಂಡವು. ಹೆಸರಿಡುವ ಸ್ವಾತಂತ್ರ್ಯ ಸಿಕ್ಕಿತೆಂದರೆ ಕೇಳಬೇಕೆ! ಟೆಂಪ್, ಟೆಂಪ್2, ನ್ಯೂಟೆಂಪ್. ಮೇಲೊಂದು ಕಾಮೆಂಟು: ‘ಮುಂದಿನ ವಾರ ತೆಗೆಯುವುದು’. ಬರೆದವರು ನಿವೃತ್ತರಾಗಿ ಮೊಮ್ಮಕ್ಕಳನ್ನು ಆಡಿಸುತ್ತಿದ್ದಾರೆ. ಆ ಸಾಲಿಗೆ ಇನ್ನೂ ನಿವೃತ್ತಿಯಿಲ್ಲ. ಇನ್ನು ಯಾವ ಫೈಲಿಗೆ ಯಾವ ದಾರಿ ಎಂದು ಆರಿಸುವ ಸೆಲೆಕ್ಟ್‌ನೊಳಗೆ ಮೊದಲು ಹೊಂದಿದ ವೆನ್ ಷರತ್ತಿಗೇ ಪಟ್ಟ. ಯಾರೋ ಪುಣ್ಯಾತ್ಮರು ಯಾವ ಹೆಸರಿಗೂ ಹೊಂದುವ ಎರಡು ನಕ್ಷತ್ರದ (**) ಮಾಸ್ಕನ್ನು ಎಲ್ಲಕ್ಕಿಂತ ಮೇಲೆ ಕೂರಿಸಿದರೋ, ಕೆಳಗಿನ ವೆನ್‌ಗಳೆಲ್ಲ ಬರೀ ಶೃಂಗಾರ. ಸಂಬಳದ ಫೈಲಿಗೂ ಕಸದ ಫೈಲಿಗೂ ಒಂದೇ ಮರ್ಯಾದೆ.

ಫೈಲಿನ ಅವಧಿ ಮುಗಿಯುವ ದಿನಾಂಕ ಹೇಳುವ ಎಕ್ಸ್‌ಪಿಡಿಟಿಯದು ಬೇರೆಯೇ ಪುರಾಣ. ವರ್ಷಕ್ಕೆ ಎರಡೇ ಅಂಕಿಯಿದ್ದ ಕಾಲದಲ್ಲಿ 99365 (99ನೇ ವರ್ಷದ 365ನೇ ದಿನ) ಎಂದು ಬರೆದರೆ ‘ಎಂದೆಂದಿಗೂ ಅಳಿಸಬೇಡ’ ಎಂದರ್ಥ. 1999ರ ಡಿಸೆಂಬರ್ 31 ಬರುವುದೇ ಇಲ್ಲವೆಂಬ ಧೈರ್ಯ ನೋಡಿ! ಆ ದಿನ ಬಂದುಹೋಗಿ ಕಾಲು ಶತಮಾನವಾಯಿತು. ಆ ಅಂಕಿ ಹೊತ್ತ ಟೇಪಿಗೆ ಸಿಸ್ಟಮ್ ಇವತ್ತಿಗೂ ಕೈಹಚ್ಚುವುದಿಲ್ಲ.