ಕಳೆಯನ್ನೂ ಬೆಳೆಯಲಾರದವನು

ಕೆನಡಾದಲ್ಲಿ ಕರಿಬೇವಿನ ಗಿಡ ಸಾಕಿದವರಿಗೆ ನನ್ನ ಸಂಕಟವನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೇ ತಿಂಗಳಲ್ಲಿ ಹೊರಗಿಟ್ಟು, ಅಕ್ಟೋಬರಿನಲ್ಲಿ ಬಾಣಂತಿಯನ್ನು ಕರೆತಂದ ಹಾಗೆ ಒಳಗೆ ತಂದು, ನೀರು ಹೆಚ್ಚಾಯಿತೋ ಕಡಿಮೆಯಾಯಿತೋ ಎಂದು ದಿನಕ್ಕೆ ನಾಲ್ಕು ಸಲ ಮಣ್ಣಿಗೆ ಬೆರಳು ಚುಚ್ಚಿ, ಕಡೆಗೆ ಜನವರಿಯಲ್ಲಿ ಒಂದು ಒಣಕಡ್ಡಿಯ ಮುಂದೆ ತಲೆ ತಗ್ಗಿಸಿ ನಿಂತವರಲ್ಲಿ ನೀವೂ ಇದ್ದೀರಿ, ಗೊತ್ತು. ನಾನು ಹಾಗೆ ಐದು ಸಲ ನಿಂತಿದ್ದೇನೆ. ಐದನೆಯ ಕಡ್ಡಿಯನ್ನು ಕಸದ ಡಬ್ಬಿಗೆ ಹಾಕುವಾಗ ಹೆಂಡತಿ, "ಮುಂದಿನ ಸಲ ಪ್ಲಾಸ್ಟಿಕ್ಕಿಂದು ತರ್ರಿ. ಅದನ್ನ ಹೆಂಗ ಸಾಯಸ್ತೀರಿ ನೋಡೋಣ" ಎಂದಳು.

ಆ ಮಾತಿನ ಉರಿ ಆರುವ ಮೊದಲೇ ಆಫೀಸಿನ ಗೆಳೆಯನೊಬ್ಬ ಉಪಾಯ ಹೇಳಿದ. ಗಾಂಜಾ ಬೆಳೆ; ಇಲ್ಲಿನವರು ಅದನ್ನು 'ವೀಡ್' ಎನ್ನುತ್ತಾರೆ, ಅಂದರೆ ಕಳೆ; ಯಾರು ಬೇಡವೆಂದರೂ ಬೆಳೆಯುತ್ತದೆ. ನಾನು ಬೀಡಿ ಕೂಡ ಸೇದಿದವನಲ್ಲ. ಆದರೆ ಹಸಿರಾದದ್ದು ಏನಾದರೊಂದು ನನ್ನ ಕೈಯಲ್ಲಿ ಬದುಕಿ ಉಳಿಯಬೇಕಿತ್ತು. ಕಾನೂನಿನ ತೊಡಕೂ ಇರಲಿಲ್ಲ. 2018ರ ಅಕ್ಟೋಬರ್ 17ರಿಂದ ಕೆನಡಾದಲ್ಲಿ ಅದು ಸಕ್ರಮ. ಒಂಟಾರಿಯೊದಲ್ಲಿ ಮನೆಗೆ ನಾಲ್ಕು ಗಿಡ ಬೆಳೆಸಬಹುದು, ಮನೆಯಲ್ಲಿ ಎಷ್ಟು ಮಂದಿ ಇದ್ದರೂ ನಾಲ್ಕೇ. ಇದನ್ನೇ ಧಾರವಾಡದ ಹಿತ್ತಲಲ್ಲಿ ಮಾಡಿದ್ದರೆ 1985ರ ಕಾಯ್ದೆಯ ಪ್ರಕಾರ ನನ್ನನ್ನು ಕುಂಡಸಮೇತ ಎತ್ತಿಕೊಂಡು ಹೋಗುತ್ತಿದ್ದರು.

ಜಾಣರಾದವರು ಒಂದೇ ತಳಿಯ ನಾಲ್ಕು ಗಿಡ ಹಾಕುತ್ತಾರೆ. ನಾನು ಮದುವೆಮನೆಯ ಎಲೆಯ ಮುಂದೆ ಕೂತವನಂತೆ ಎಲ್ಲದರಲ್ಲೂ ಒಂದೊಂದು ಬಡಿಸಿ ಎಂದೆ. ನಾರ್ದರ್ನ್ ಲೈಟ್ಸ್ ಒಂದು, ಬ್ಲೂ ಡ್ರೀಮ್ ಒಂದು, ದಕ್ಷಿಣ ಆಫ್ರಿಕಾ ಕಡೆಯ ಡರ್ಬನ್ ಪಾಯಿಸನ್ ಒಂದು, ಹಿಂದೂ ಕುಶ್ ಒಂದು. ಕೊನೆಯದರ ಮೇಲೆ ನನಗೆ ನೆಂಟಸ್ತಿಕೆಯ ಮಮತೆ. 1785ರಲ್ಲಿ ಲಾಮಾರ್ಕ್ ಎಂಬ ಫ್ರೆಂಚ್ ಪಂಡಿತ ನಮ್ಮ ದೇಶದಿಂದ ಹೋದ ಗಿಡವನ್ನು ನೋಡಿಯೇ ಈ ಜಾತಿಗೆ 'ಇಂಡಿಕಾ' ಎಂದು ಹೆಸರಿಟ್ಟನಂತೆ. ನನ್ನ ಹಾಗೆಯೇ ಪರದೇಶಕ್ಕೆ ಬಂದು ಚಳಿ ತಿನ್ನುವ ಜೀವ ಎಂದುಕೊಂಡೆ.

ಬೀಜವನ್ನು ಒದ್ದೆ ಬಟ್ಟೆಯಲ್ಲಿ ಕಟ್ಟಿ ಬೆಚ್ಚಗಿಟ್ಟರೆ ಎರಡು ಮೂರು ದಿನದಲ್ಲಿ ಮೊಳಕೆ. ಇದು ನನಗೆ ಗೊತ್ತಿದ್ದ ವಿದ್ಯೆಯೇ. ನಮ್ಮ ಮನೆಯಲ್ಲಿ ವಾರಕ್ಕೊಮ್ಮೆ ಮಡಕಿ ಕಾಳಿನ ಉಸಳಿ ಆಗುತ್ತದೆ. ಹೆಂಡತಿಯ ಕಾಳಿನ ಗಂಟಿನ ಪಕ್ಕದಲ್ಲೇ ನನ್ನ ಗಂಟನ್ನೂ ಇಟ್ಟೆ. ಮೂರನೆಯ ದಿನ ಚಸ್ಮಾ ಹಾಕಿಕೊಳ್ಳದೆ ಬಿಚ್ಚಿದಾಗ ಎರಡೂ ಗಂಟು ಕೈತಪ್ಪಿ ಕಟ್ಟೆಯ ಮೇಲೆ ಚೆಲ್ಲಿದವು. ಆರಿಸಿದೆ. ಸರಿಯಾಗಿ ಆರಿಸಿದ್ದೇನೆ ಎಂದೇ ನಂಬಿದ್ದೆ. ಆ ರಾತ್ರಿ ಉಸಳಿ ತಿನ್ನುವಾಗ ಹಲ್ಲಿಗೆ ಏನೋ ಕಟಕ್ ಎಂದಿತು. ಹರಳಿರಬೇಕು ಎಂದು ನುಂಗಿದೆ.

ವಿಕ್ಟೋರಿಯಾ ದಿನದ ರಜೆಗೆ ನಾಲ್ಕೂ ಕುಂಡ ಹಿತ್ತಲಿಗೆ ಬಂದವು. ಹಿತ್ತಲೆಂದರೆ ಎರಡು ಜಮಖಾನೆ ಹಾಸುವಷ್ಟು ಜಾಗ. ಐಸ್‌ಕ್ರೀಮಿನ ಕಡ್ಡಿಗಳ ಮೇಲೆ ಮುದ್ದಾದ ಅಕ್ಷರದಲ್ಲಿ ಹೆಸರು ಬರೆದು ನೆಟ್ಟಿದ್ದೆ, ಇಂಕ್ ಪೆನ್ನಿನಲ್ಲಿ. ಮೊದಲ ಮಳೆಗೆ ಮೂರು ಹೆಸರು ಮಣ್ಣುಪಾಲು. ಡರ್ಬನ್ ಪಾಯಿಸನ್ ಮಾತ್ರ ಉಳಿಯಿತು. ಅದರ ಮೇಲೆ ನನಗೆ ವಿಶೇಷ ಅಕ್ಕರೆ ಹುಟ್ಟಿತು. ಮಿಕ್ಕವು ನೆಟ್ಟಗೆ ಏಳುತ್ತಿದ್ದರೆ ಇದೊಂದು ನೆಲದ ಮೇಲೆ ಹರಡುತ್ತಿತ್ತು. ಆಫ್ರಿಕಾದ ಬಿಸಿಲಿನ ಗಿಡವಲ್ಲವೇ, ಇಲ್ಲಿಯದು ಸಾಲದು ಎಂದು ಕೋಲು ಕೊಟ್ಟು ಕಟ್ಟಿದೆ. ಬೆರಳು ಬೆರಳಾಗಿ ಸೀಳಿದ ಎಲೆಗಳ ಚಿತ್ರ ತೆಗೆದು ಗೆಳೆಯರಿಗೆ ಕಳಿಸಿದೆ. ಒಂದು ದಿನ ಹೆಂಡತಿ ಬಟ್ಟೆ ಒಣಹಾಕಲು ಬಂದವಳು ಬಗ್ಗಿ ನೋಡಿ, "ಮಡಕಿಗೆ ಯಾಕ ಕೋಲು ಕಟ್ಟೀರಿ?" ಎಂದಳು. ಹಲ್ಲಿಗೆ ಸಿಕ್ಕ ಹರಳಿನ ಬೆಲೆ ಹದಿನೈದು ಡಾಲರ್ ಎಂದು ಆಗ ಹೊಳೆಯಿತು.

ಉಳಿದ ಮೂರನ್ನಾದರೂ ಚೆನ್ನಾಗಿ ನೋಡಿಕೊಳ್ಳಬೇಕಲ್ಲ! ಗೊಬ್ಬರದ ಡಬ್ಬಿಯ ಮೇಲೆ ಒಂದು ಮುಚ್ಚಳ ಎಂದಿತ್ತು, ಪ್ರೀತಿ ಹೆಚ್ಚಾಗಿ ಮೂರು ಹಾಕಿದೆ. ಹಲವು ತಳಿ ಒಟ್ಟಿಗೆ ಸಾಕುವುದೆಂದರೆ ಸಕ್ಕರೆ ಕಾಯಿಲೆಯ ಮಾವನನ್ನೂ ಹಸುಗೂಸನ್ನೂ ಪೈಲ್ವಾನನನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಿ ಹೋಳಿಗೆ ಬಡಿಸಿದ ಹಾಗೆ ಎಂದು ಯಾರೂ ನನಗೆ ಹೇಳಿರಲಿಲ್ಲ. ಪೈಲ್ವಾನ ತಾಳಿಕೊಂಡ. ಕುಳ್ಳನೆಯದರ ಎಲೆತುದಿ ಸುಟ್ಟು ಗಿಣಿಮೂಗಿನಂತೆ ಬಾಗಿತು. ನಾರ್ದರ್ನ್ ಲೈಟ್ಸ್‌ನದು ಮಾತ್ರ ದುರಂತ. ನಾನು ತಂದಿದ್ದು ಅದರ ಆಟೋ ಜಾತಿ. ಮಿಕ್ಕವು ಆಗಸ್ಟಿನಲ್ಲಿ ಇರುಳು ಉದ್ದವಾಗುವ ತನಕ ಹೂ ಬಿಡದೆ ಕಾಯುತ್ತವೆ. ಇದು ಹಗಲಿರುಳಿನ ಲೆಕ್ಕ ನೋಡದೆ ವಯಸ್ಸಿಗೆ ಬಂದ ಕೂಡಲೇ ಹೂ ಬಿಟ್ಟು, ಸುಮಾರು ಹತ್ತು ವಾರದಲ್ಲಿ ಬಾಳು ಮುಗಿಸುತ್ತದೆ. ಅಷ್ಟು ಚಿಕ್ಕ ಆಯುಷ್ಯದಲ್ಲಿ ನನ್ನ ಉಪಚಾರದಿಂದ ಚೇತರಿಸಿಕೊಳ್ಳಲು ಪಾಪ ಅದಕ್ಕೆ ಸಮಯವೆಲ್ಲಿ? ಗೇಣುದ್ದ ಬೆಳೆದು, ಎರಡು ಹೂ ಬಿಟ್ಟು, ಕರಿಬೇವುಗಳು ಹೋದ ದಾರಿಯಲ್ಲೇ ಹೋಯಿತು.

ಪೈಲ್ವಾನ ಅಂದೆನಲ್ಲ, ಅದು ಬ್ಲೂ ಡ್ರೀಮ್ ಇರಬೇಕು. ಎಂಟಡಿ ಎತ್ತರ! ಬೇಲಿಯಾಚೆ ತಲೆ ಹಾಕಿ ಪಕ್ಕದ ಮನೆಯ ಯೋಗಕ್ಷೇಮ ವಿಚಾರಿಸುತ್ತಿತ್ತು. ಎಲ್ಲರಿಗಿಂತ ಮೊದಲು ಮೊಗ್ಗಾಯಿತು, ಗೊಂಚಲು ಗೊಂಚಲು. ಜನ್ಮದಲ್ಲಿ ಮೊದಲ ಬಾರಿಗೆ ನನ್ನ ಕೈಯಲ್ಲಿ ಏನೋ ತುಂಬಿ ತೂಗುತ್ತಿತ್ತು. ಅದರ ಪಕ್ಕ ನಿಂತು ಮಗಳ ಕೈಯಿಂದ ಫೋಟೊ ತೆಗೆಸಿಕೊಂಡು ಫೋನಿನ ಪರದೆಗೆ ಹಾಕಿಕೊಂಡೆ.

ಅದೇ ಹೊತ್ತಿಗೆ ಧಾರವಾಡದಿಂದ ಅವ್ವ ಬಂದಳು. ಗಿಡದ ವಿಷಯ ಅವಳಿಗೆ ಹೇಳಿರಲಿಲ್ಲ. ನಲವತ್ತಾರು ವರ್ಷದ ಮಗ ತಾಯಿಗೆ ಇಂಥದ್ದನ್ನು ಯಾವ ಬಾಯಿಂದ ಹೇಳುತ್ತಾನೆ? ಮರುದಿನ ಬೆಳಿಗ್ಗೆ ಮಹಡಿಯ ಕಿಟಕಿಯಿಂದ ನೋಡುತ್ತೇನೆ, ಅವ್ವ ಸೆರಗು ಒಡ್ಡಿ ಎಲೆ ಕೊಯ್ಯುತ್ತಿದ್ದಾಳೆ. "ಎಷ್ಟ ಚಂದ ಪುಂಡಿಪಲ್ಯ ಬೆಳಿಸೀಯೋ ತಮ್ಮಾ! ಬ್ಯಾಳಿ ಇಟ್ಟೀನಿ, ರೊಟ್ಟಿಗಿ ಆಕ್ಕೈತಿ!" ಅವಳ ತಪ್ಪೇನೂ ಇಲ್ಲ. ಪುಂಡಿಯ ಎಲೆ ನೋಡಲು ಗಾಂಜಾದ ಎಲೆಯ ಹಾಗೆಯೇ ಇರುತ್ತದೆಂದು ಸಸ್ಯಶಾಸ್ತ್ರದವರು ಅದರ ಹೆಸರಲ್ಲೇ 'ಕ್ಯಾನಬಿನಸ್' ಎಂದು ಸೇರಿಸಿದ್ದಾರೆ. ನಾನು ಟವೆಲ್ಲಿನಲ್ಲೇ ಮೆಟ್ಟಿಲಿಳಿದು, ಕಡೆಯ ಮೂರು ಮೆಟ್ಟಿಲು ಕುಂಡೆಯ ಮೇಲೆ ಇಳಿದು, "ಅವ್ವಾ, ಬ್ಯಾಡಾ! ಅದಕ್ಕ ಎಣ್ಣಿ ಹೊಡದೀನಿ!" ಎಂದು ಕಿರುಚಿದೆ.

ಅವ್ವ ಒಂದು ಎಲೆ ಹೊಸಕಿ ಮೂಗಿಗೆ ಹಿಡಿದಳು. "ಪುಂಡಿ ಅಲ್ಲ ಇದು. ಭಂಗಿ. ನಮ್ಮಜ್ಜನ ಹೊಲದ ಬೇಲಿಗುಂಟ ಇತ್ತು, ದನಕ್ಕ ಹೊಟ್ಟಿ ಕೆಟ್ರ ತಿನಿಸ್ತಿದ್ರು. ಸುಳ್ಳ ಯಾಕ ಹೇಳ್ತಿ?" ಆಮೇಲೆ ನನ್ನ ಎಂಟಡಿಯ ಪೈಲ್ವಾನನನ್ನು ಮೇಲೆ ಕೆಳಗೆ ನೋಡಿದಳು. "ಮತ್ತ ಇದನ್ಯಾಕ ಇಟ್ಕೊಂಡಿ? ಗಂಡ ಐತಿ. ಪಪ್ಪಾಯಿಯೊಳಗ ಗಂಡು ಬರೂದಿಲ್ಲೇನು, ಹಂಗ. ಕಿತ್ತ ಒಗಿ."

ಹಿಂದೆ ಬಂಗಾಳದ ಗಾಂಜಾ ಹೊಲಗಳಲ್ಲಿ ಗಂಡು ಗಿಡ ಗುರುತಿಸಿ ಕೀಳುವುದಕ್ಕೆಂದೇ 'ಪೊದ್ದಾರ' ಎಂಬ ಪರಿಣತನನ್ನು ಕರೆಸುತ್ತಿದ್ದರು. ಒಂದು ಗಂಡು ಉಳಿದರೂ ಅದರ ಪರಾಗ ಹಾರಿ ಹೆಣ್ಣು ಗಿಡಗಳೆಲ್ಲ ಬರೀ ಬೀಜ ಕಟ್ಟುತ್ತವೆ, ಬೆಳೆ ಕೆಡುತ್ತದೆ. ನನ್ನ ಪೊದ್ದಾರಳು ಧಾರವಾಡದಿಂದ ವಿಮಾನದಲ್ಲಿ ಬಂದಿದ್ದಳು, ನಾನೇ ಟಿಕೆಟ್ ಕೊಟ್ಟು ಕರೆಸಿದ್ದೆ. ಅವಳ ಮಾತು ಕೇಳಿದೆ ಕೂಡ. ನಾಚಿಕೆಯ ಭರದಲ್ಲಿ, ಟವೆಲ್ಲಿನಲ್ಲೇ, ಗಿಡವನ್ನು ಬುಡಸಮೇತ ಕಿತ್ತು, ಹಿಂದೂ ಕುಶ್‌ನ ಮೈಮೇಲೆಯೇ ದರದರ ಎಳೆದುಕೊಂಡು ಹೋದೆ. ಹಳದಿ ಹಿಟ್ಟು ಭಂಡಾರದ ಹಾಗೆ ಹಾರಿತು. ಗಾಳಿಗೆ ಹದಿನೈದು ದಿನ ಹಿಡಿಯುತ್ತಿದ್ದ ಕೆಲಸ ನನ್ನಿಂದ ಅರ್ಧ ನಿಮಿಷದಲ್ಲಿ ಆಯಿತು.

ಸೆಪ್ಟೆಂಬರಿನಲ್ಲಿ ಚೌತಿ. ಇಪ್ಪತ್ತು ಮಂದಿ ಕನ್ನಡಿಗರು ಆರತಿಗೆ ಬರುವವರಿದ್ದರು. ಉಳಿದದ್ದು ಒಂದೇ ಗಿಡ, ಆದರೆ ಹೂವಿನ ನಾತ ಓಣಿಗೆಲ್ಲ ಸಾಲುವಷ್ಟು. ಮೂರು ಕಟ್ಟು ಊದುಬತ್ತಿ, ಮೇಲೆ ಲೋಬಾನ ಹಾಕಿದೆ. ನಾತ ಹೋಗಲಿಲ್ಲ, ಅದಕ್ಕೆ ಭಕ್ತಿ ಬಂತು. ಬಂದವರು ಮೂಗು ಮುಟ್ಟಿಕೊಂಡಾಗ, "ಹಿತ್ತಲಲ್ಲಿ ಸ್ಕಂಕ್ ಸೇರಿಕೊಂಡಿದೆ" ಎಂದುಬಿಟ್ಟೆ. ಸ್ಕಂಕ್ ಎಂದರೆ ಬೆಕ್ಕಿನ ಗಾತ್ರದ, ಕಪ್ಪು ಮೈಗೆ ಬಿಳಿ ಪಟ್ಟೆಯ ಪ್ರಾಣಿ. ಹೆದರಿದರೆ ಬಾಲವೆತ್ತಿ ಸಿಂಪಡಿಸುತ್ತದೆ. ಬೇಲಿಯಾಚೆಯ ಅಜ್ಜ ಇದನ್ನು ಕೇಳಿಸಿಕೊಂಡು, ದೇವರಂಥ ಮನುಷ್ಯ, ಅಂದು ಸಂಜೆಯೇ ತಮ್ಮ ಗ್ಯಾರೇಜಿನ ಬೋನು ತಂದು, ಒಳಗೆ ಮೀನಿನ ತುಂಡಿಟ್ಟು ಹೋದರು. ಬೇಡವೆನ್ನಲು ಬಾಯಿ ಬರಲಿಲ್ಲ.

ಬೆಳಿಗ್ಗೆ ಬೋನಿನಲ್ಲಿ ಸ್ಕಂಕ್ ಇತ್ತು. ನನ್ನ ಸುಳ್ಳು ರಾತ್ರೋರಾತ್ರಿ ನಾಲ್ಕು ಕಾಲು, ಒಂದು ಬಾಲ ಪಡೆದು ಎದುರಿಗೆ ಕೂತಿತ್ತು. ಗಣಪನ ಪೂಜೆಗೆಂದು ಮಡಿ ಉಟ್ಟಿದ್ದವನು, ಮೂಕಪ್ರಾಣಿ, ಹಬ್ಬದ ಮರುದಿನ ಬೇರೆ ಎಂದು ಮೆಲ್ಲಗೆ ಬಾಗಿಲು ತೆಗೆಯಹೋದೆ. ಅದು ಬೆನ್ನು ತಿರುಗಿಸಿತು. ಮುಂದಿನದನ್ನು ನೀವು ಊಹಿಸಿಕೊಳ್ಳಿ. ಊಹಿಸಿದ್ದನ್ನು ಹತ್ತು ಪಟ್ಟು ಮಾಡಿ. ಅಜ್ಜ ಟೊಮೆಟೊ ರಸ ಎಂದರು, ಅವ್ವ ಸೀಗೆಕಾಯಿ ಮತ್ತು ಹುಣಸೆಹುಳಿ ಎಂದಳು. ಎರಡನ್ನೂ ಹಚ್ಚಿಸಿಕೊಂಡು ನಾನು ಹಿತ್ತಲಲ್ಲಿ ಸಾರಿನಂತೆ ನಿಂತಿದ್ದೆ. ವಾರವಿಡೀ ಆಫೀಸಿನ ಲಿಫ್ಟಿನಲ್ಲಿ ನನಗೊಬ್ಬನಿಗೇ ಜಾಗ.

ಅಕ್ಟೋಬರಿನಲ್ಲಿ ಮೊದಲ ಸಲ ಹೆಪ್ಪುಗಟ್ಟಿದ ಇಬ್ಬನಿಗೆ ಹಿಂದೂ ಕುಶ್ ಕಪ್ಪಾಯಿತು. ಒಣಗಿಸಿ ಉಜ್ಜಿದರೆ ಬೀಜ, ಬರೀ ಬೀಜ. ಉಪಾಯ ಹೇಳಿದ್ದ ಗೆಳೆಯನಿಗೆ ಒಂದು ಚಿಟಿಕೆ ಕೊಟ್ಟೆ. ದೀಪಾವಳಿಗೆ ಮೊದಲೇ ಚಟಪಟ ಸಿಡಿಯುತ್ತಿದೆ ಎಂದು ಫೋನ್ ಮಾಡಿದ.

ಆ ವರ್ಷ ನನ್ನ ಹಿತ್ತಲಲ್ಲಿ ಫಲ ಕೊಟ್ಟಿದ್ದು ಕೋಲಿಗೆ ಕಟ್ಟಿದ್ದ ಮಡಕಿಯೊಂದೇ. ಅವ್ವ ಒಣಕಾಯಿ ಬಿಡಿಸಿದಾಗ ಒಂದು ಹಿಡಿ ಕಾಳಾಯಿತು. ನೆನೆಸಿ, ಮೊಳಕೆ ತರಿಸಿ, ಒಗ್ಗರಣೆ ಕೊಟ್ಟಳು. ನಾಲ್ಕು ತಟ್ಟೆಗೆ ಒಂದೊಂದು ಚಮಚ ಬಂತು. ಕಡೆಯ ಚಮಚ ನನ್ನ ತಟ್ಟೆಗೆ ಹಾಕಿದ ಹೆಂಡತಿ, ಬೋಗುಣಿಯ ತಳ ಕೆರೆಯುತ್ತ ಕೇಳಿದಳು:

"ಡರ್ಬನ್ ಪಾಯಿಸನ್ ಇನ್ನೊಂಚೂರು ಹಾಕ್ಲೇನ್ರಿ?"